ಮಂಗಳವಾರ ತೆರೆದಿಟ್ಟ ಶಟರ್

ಒದ್ದೆಯಾದ ಪೇಪರಿನ ಶಾಯಿಗೂ ಸಾಬೂನಿನ ನೊರೆಗೂ ಜೊತೆ ಬಿದ್ದರೆ ಒಂದು ವಾಸನೆ ಹುಟ್ಟುತ್ತದೆ. ಒಳ್ಳೆಯದು ಅನ್ನಲಾಗದು, ಕೆಟ್ಟದ್ದು ಅನ್ನಲೂ ಆಗದು. ಹೋದ ವಾರ ಹುಕ್ಕೇರಿಯ ಬಸ್ ಸ್ಟ್ಯಾಂಡಿನ ಎದುರು ದಾಡಿ ಮಾಡಿಸಿಕೊಳ್ಳಲು ಕುಳಿತಾಗ ಅದು ಮೂಗಿಗೆ ಬಡಿಯಿತು. ಅಂಗಡಿಯವನು ಹಳೇ ಪೇಪರಿನ ಒಂದು ಚೌಕ ಹರಿದು ನನ್ನ ಹೆಗಲ ಮೇಲೆ ಇಟ್ಟಿದ್ದ. ಕತ್ತಿಗೆ ಹತ್ತಿದ ನೊರೆಯನ್ನು ಅದಕ್ಕೆ ಒರೆಸುತ್ತಿದ್ದ. ಎಲ್ಲ ಕಟಿಂಗ್ ಅಂಗಡಿಗಳಲ್ಲೂ ಹೀಗೇ ಮಾಡುತ್ತಾರೆ, ಇದರಲ್ಲಿ ವಿಶೇಷವೇನಿಲ್ಲ. ಆದರೆ ಅಲ್ಲಿ ಕರೆಂಟ್ ಇರಲಿಲ್ಲ, ಫ್ಯಾನ್ ನಿಂತಿತ್ತು, ವಾಸನೆಯೂ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತುಬಿಟ್ಟಿತ್ತು. ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ಕೂಡಲೇ ಗೋಕಾಕದ ಚಾಚಾ ಬಂದು ಬೆನ್ನ ಹಿಂದೆ ನಿಂತರು.

ಅವರ ಹೆಸರು ಊರಿಗೆಲ್ಲ ಗೊತ್ತಿತ್ತು. ಆದರೆ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಾನೂ ಈಗ ಕರೆಯುವುದಿಲ್ಲ. ಎಲ್ಲರಿಗೂ ಅವರು ಚಾಚಾ.

ಎರಡು ಸಾವಿರದ ಇಸವಿ ದಾಟಿದ ಹೊಸತು ಅದು. ನಾನು ಮೂಡಲಗಿಯವನು, ಕಾಲೇಜಿಗೆಂದು ಗೋಕಾಕದಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ದೊಡ್ಡಪ್ಪನದು ಬೀಜ ಮತ್ತು ಗೊಬ್ಬರದ ಅಂಗಡಿ. ರಸ್ತೆಯ ಆಚೆ ಬದಿಗೆ ಸಾಲಾಗಿ ಕಟಿಂಗ್ ಅಂಗಡಿಗಳು. ನಮ್ಮ ಅಂಗಡಿಗೆ ನೇರ ಎದುರಿಗಿದ್ದದ್ದೇ ಚಾಚಾನದು. ದೊಡ್ಡಪ್ಪ ಬೆಳಿಗ್ಗೆ ಬಸದಿಗೆ ಹೋಗಿ ಬಂದು, ದುಡ್ಡಿನ ಗಲ್ಲೆಯ ಮೇಲೆ ನನ್ನನ್ನು ಕೂರಿಸಿ, ಆಚೆ ಬದಿಯ ಸಪ್ಪಳಕ್ಕೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಕುರ್ಚಿ ಖಾಲಿಯಾದ ಕೂಡಲೇ ಚಾಚಾ ಬಾಗಿಲಿಗೆ ಬಂದು ಟವೆಲ್ ಜಾಡಿಸುತ್ತಿದ್ದರು. ಪಟ್, ಪಟ್. ಅದು ಕೂದಲು ಉದುರಿಸಲಿಕ್ಕಲ್ಲ, ದೊಡ್ಡಪ್ಪನನ್ನು ಕರೆಯಲಿಕ್ಕೆ. ದೊಡ್ಡಪ್ಪ ಚಪ್ಪಲಿ ಮೆಟ್ಟಿ ರಸ್ತೆ ದಾಟುತ್ತಿದ್ದರು. ಈ ಇಬ್ಬರ ನಡುವೆ ನಮಸ್ಕಾರ, ಸಲಾಂ ಏನೂ ಇರಲಿಲ್ಲ, ಟವೆಲ್ಲೇ ಎಲ್ಲ.

ಚಾಚಾನಿಗೆ ಎರಡು ವಿಷಯದಲ್ಲಿ ಹೆಮ್ಮೆ. ಒಂದು ತನ್ನ ಮೀಸೆ, ಇನ್ನೊಂದು ತನ್ನ ಅಂಗಡಿಗೆ ಬರುತ್ತಿದ್ದ ಪೇಪರು. ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿ ಕೂದಲು ಮೆತ್ತಗಾಗುವವರೆಗೆ ಪೇಪರ್ ಹಿಡಿದು ಜೋರಾಗಿ ಓದುತ್ತಿದ್ದರು. ಬೆಂಚಿನ ಮೇಲೆ ಕಾಯುತ್ತ ಕುಳಿತವರು ಜಗಳಕ್ಕೆ ಬಿದ್ದರೆ ತೀರ್ಪು ಒಂದೇ: "ಪೇಪರಿನ್ಯಾಗ ಬಂದೈತಿ. ಮುಗೀತಿಲ್ಲೋ?" ಹೊಸ ಪೇಪರನ್ನು ನೊರೆ ಒರೆಸಲು ಹರಿಯುವಂತಿರಲಿಲ್ಲ. ಹಳೇದಾಗಿ, ಓದುವವರೆಲ್ಲ ಓದಿ ಮುಗಿದ ಮೇಲೇ ಅದರ ಮೇಲೆ ಕತ್ತಿ ಒರೆಸಬೇಕು. ಒಮ್ಮೆ ಯಾರೋ ಅವಸರದವರು ಅವತ್ತಿನ ಪೇಪರಿನ ಮೂಲೆ ಹರಿದರೆಂದು ಅರ್ಧ ದಾಡಿಯಲ್ಲೇ ಬೈದಿದ್ದರಂತೆ. ಇದು ದೊಡ್ಡಪ್ಪ ಹೇಳಿದ್ದು, ಉಪ್ಪು ಖಾರ ಎಷ್ಟು ಸೇರಿಸಿದ್ದರೋ...

ಆ ವರ್ಷ ಪ್ಯಾಲೆಸ್ಟೀನಿನ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತು. ಒಂದು ದಿನ ಒಳಪುಟದಲ್ಲಿ ಒಂದು ಫೋಟೋ ಬಂತು. ಒಂದು ಓಣಿ, ಎರಡೂ ಕಡೆ ಮನೆ ಕುಸಿದು ಕಲ್ಲುಮಣ್ಣಿನ ರಾಶಿ, ಅದರ ನಡುವೆ ಒಂದು ಕಟಿಂಗ್ ಕುರ್ಚಿ. ತಲೆ ಇಡುವ ಒರಗು, ಕಾಲಿಡುವ ಕಬ್ಬಿಣ, ಎಲ್ಲ ನಮ್ಮೂರಿನದರ ಹಾಗೇ. ಗೋಡೆಯಿಲ್ಲ, ಕನ್ನಡಿಯಿಲ್ಲ, ಕುರ್ಚಿಯೊಂದೇ ಇತ್ತು. ಚಾಚಾ ಅವತ್ತು ತಮ್ಮ ನಿಯಮ ತಾವೇ ಮುರಿದರು. ಹೊಸ ಪೇಪರಿನಿಂದ ಅದನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಅಂಟಿಸಿದರು. ದಾಡಿಗೆ ಕುಳಿತವರಿಗೆ ತಮ್ಮ ಮುಖದ ಬಾಜೂಕೇ ಆ ಕುರ್ಚಿ ಕಾಣುತ್ತಿತ್ತು.

"ಹೊಸಾ ಕುರ್ಚಿ ತರಸಾಕತ್ತೀರೇನು ಚಾಚಾ?" ದೊಡ್ಡಪ್ಪ ಚೇಷ್ಟೆ ಮಾಡಿದರು.

"ಕುರ್ಚಿ ಐತ್ರಿ ಸಾವಕಾರ್ರ, ಕುಂಡ್ರಾವ್ರ ಇಲ್ಲ," ಅಂದರು ಚಾಚಾ.

ದೊಡ್ಡಪ್ಪ ಮತ್ತೆ ಆ ವಿಷಯ ತೆಗೆಯಲಿಲ್ಲ.

ಕೆಲವು ದಿನಗಳಲ್ಲಿ ಮಸೀದಿಯ ಹಿರಿಯರು, ರೈತ ಸಂಘದ ಒಂದಿಷ್ಟು ಜನ, ನಿವೃತ್ತರಾದ ಕನ್ನಡ ಮಾಸ್ತರೊಬ್ಬರು ಸೇರಿ ಅಲ್ಲಿಯ ಜನರ ಪರವಾಗಿ ಮೆರವಣಿಗೆ ಮಾಡುವುದೆಂದು ಮಾತಾಡಿದರು. ಘೋಷಣೆ ಕೂಗುವುದಿಲ್ಲ, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸುಮ್ಮನೆ ನಡೆದು ಹೋಗಿ ತಹಶೀಲ್ದಾರರಿಗೆ ಮನವಿ ಕೊಡುವುದು. ಅವರು ಗೊತ್ತುಮಾಡಿದ್ದು ಶುಕ್ರವಾರ. ಹಟ ಹಿಡಿದು ಅದನ್ನು ಮಂಗಳವಾರಕ್ಕೆ ತಂದವರು ಚಾಚಾ. ಕಾರಣ ಬಹಳ ಸಾದಾ. ಮಂಗಳವಾರ ಕಟಿಂಗ್ ಅಂಗಡಿಗಳಿಗೆ ರಜೆ. ಅವತ್ತು ಯಾರೂ ತಲೆಗೆ ಕತ್ತರಿ ಮುಟ್ಟಿಸಿಕೊಳ್ಳುವುದಿಲ್ಲ, ಸಾಲಿನ ಅಂಗಡಿಗಳೆಲ್ಲ ಬಂದ್. "ಮಂಗಳಾರ ಇಡ್ರಿ, ನಮ್ಮ ಲೈನಿನ್ಯಾಗ ನಾಕ ಮಂದಿ ಬರ್ತೇವಿ. ಶುಕ್ರವಾರ ಇಟ್ರ ಗಿರಾಕಿ ಬಿಟ್ಟ ಯಾಂವ ಬರ್ತಾನ?" ಅಂದರಂತೆ. ಹಿರಿಯರು ಒಪ್ಪಿದರು. ಎಲ್ಲ ಕೆಟ್ಟದ್ದು ಆ ಒಪ್ಪಿಗೆಯಿಂದಲೇ ಅಂತ ಆಮೇಲೆ ಅನ್ನಿಸಿದ್ದುಂಟು. ಆದರೆ ಮಂಗಳವಾರ ಮಾಡಿದ ತಪ್ಪಾದರೂ ಏನು?

ಮೆರವಣಿಗೆಯ ದಿನ ನಾನು ನಮ್ಮ ಅಂಗಡಿಯಲ್ಲೇ ಇದ್ದೆ. ನಮ್ಮ ಅಂಗಡಿ ತೆರೆದಿತ್ತು, ಇದನ್ನು ಗಮನದಲ್ಲಿಡಿ. ನಮ್ಮ ಬದಿಯ ಕಿರಾಣಿ, ಬಟ್ಟೆ, ಚಹಾದ ಅಂಗಡಿ ಎಲ್ಲವೂ ತೆರೆದಿದ್ದವು. ದೊಡ್ಡಪ್ಪ ಮೆಟ್ಟಿಲ ಮೇಲೆ ನೀರಿನ ಕೊಡ ಇಟ್ಟು, ನಡೆದು ಬಂದವರಿಗೆ ತಾವೇ ತಂಬಿಗೆಯಲ್ಲಿ ನೀರು ಕೊಟ್ಟರು. ಊರಿನ ವರದಿಗಾರ, ತಹಶೀಲ್ದಾರ ಕಚೇರಿಯ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ, ಕ್ಯಾಮೆರಾ ಹಿಡಿದು ಬಂದ. ನಮ್ಮ ಗೊಬ್ಬರದ ಚೀಲದ ಮೇಲೆ ಹತ್ತಿ ನಿಂತು ಫೋಟೋ ತೆಗೆದ. ಅಲ್ಲಿ ನಿಂತರೆ ಕಾಣುವುದು ಎದುರಿನ ಸಾಲು ಮಾತ್ರ. ಬೆನ್ನ ಹಿಂದೆ ತೆರೆದಿದ್ದ ನಾವು ಯಾರೂ ಕಾಣುವುದಿಲ್ಲ.

ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು, ಮೀಸೆಗೆ ಎಣ್ಣೆ. ತಲೆಎಣ್ಣೆಯ ಬಾಟಲಿ ಬರುವ ರಟ್ಟಿನ ಡಬ್ಬಿ ಬಿಚ್ಚಿ ಅದರ ಒಳಮೈ ಮೇಲೆ "ಮಕ್ಕಳನ್ನು ಕೊಲ್ಲಬೇಡಿ" ಎಂದು ಬರೆದು ಎಡಗೈಯಲ್ಲಿ ಎತ್ತಿ ಹಿಡಿದಿದ್ದರು. ಒಬ್ಬರೂ ಕೂಗುತ್ತಿರಲಿಲ್ಲ, ಚಪ್ಪಲಿಯ ಸಪ್ಪಳವಷ್ಟೇ. ತಮ್ಮ ಅಂಗಡಿಯ ಮುಂದೆ ಬಂದಾಗ ಚಾಚಾ ಒಂದು ಕ್ಷಣ ಸಾಲು ಬಿಟ್ಟು ಪಕ್ಕಕ್ಕೆ ಸರಿದು ಬಲಗೈಯಿಂದ ಶಟರಿನ ಬೀಗವನ್ನು, ನಮ್ಮ ಕಡೆ ಅದೇ ಕೀಲಿ, ಒಮ್ಮೆ ಜಗ್ಗಿ ನೋಡಿದರು. ಇದು ಅವರ ಚಟ. ರಜೆಯ ದಿನ ಸಂತೆಗೆ ಹೋಗಲಿ, ಮದುವೆಗೆ ಹೋಗಲಿ, ಆ ದಾರಿಯಲ್ಲಿ ಹಾದರೆ ಕೀಲಿ ಜಗ್ಗದೆ ಮುಂದೆ ಹೋಗುತ್ತಿರಲಿಲ್ಲ. ಮೆಟ್ಟಿಲ ಮೇಲಿದ್ದ ದೊಡ್ಡಪ್ಪ ನಕ್ಕರು. "ನೋಡ್ ನಮ್ಮ ಚಾಚಾನ. ಇವ್ರ ಕತ್ರಿ ಯಾರ ಕದಿತಾರೋ?"

ಮರುದಿನ ಬುಧವಾರ. ಟವೆಲ್ ಜಾಡಿಸಿದ ಸದ್ದು ಬಂತು, ದೊಡ್ಡಪ್ಪ ಹೋದರು, ನೊರೆ ಹಚ್ಚಿಸಿಕೊಂಡು ಕುಳಿತರು. ಕಾಲೇಜಿಗೆ ಹೊತ್ತಿತ್ತು, ನಾನೂ ಬೆಂಚಿನ ಮೇಲಿದ್ದೆ. ಬಸ್ಸಿನಿಂದ ಬಂದ ಪೇಪರನ್ನು ಚಾಚಾ ಬಿಡಿಸಿ ಓದಲು ಶುರುಮಾಡಿ ನಿಂತುಬಿಟ್ಟರು.

"ಯಾಕ ನಿಂತ್ರಿ? ಓದ್ರಿ."

ಚಾಚಾ ಓದಲಿಲ್ಲ, ಪೇಪರನ್ನೇ ದೊಡ್ಡಪ್ಪನ ಮುಂದೆ ಹಿಡಿದರು. ನಾನೂ ಎದ್ದು ಹೋಗಿ ನೋಡಿದೆ. ಮುಚ್ಚಿದ ಶಟರುಗಳ ಸಾಲು, ಟೋಪಿ ಹಾಕಿದ ಒಂದಿಷ್ಟು ತಲೆಗಳು, ಶಟರಿನ ಕೀಲಿಗೆ ಕೈ ಹಾಕಿದ ಒಬ್ಬ ಮನುಷ್ಯ. ಹಸಿರು ಶಾಲಿನ ರೈತರು ಚಿತ್ರದ ಹೊರಗೆ ಹೋಗಿದ್ದರು. ಕನ್ನಡ ಮಾಸ್ತರೂ ಹೋಗಿದ್ದರು. ಚಾಚಾನ ಎಡಗೈ ಮೊಣಕೈಗೇ ತುಂಡಾಗಿತ್ತು, ರಟ್ಟಿನ ಮೇಲಿನ ಅಕ್ಷರವೂ ಇಲ್ಲ. ಕೆಳಗೆ, ಮೆರವಣಿಗೆಯವರು ಬಲವಂತದಿಂದ ಅಂಗಡಿ ಮುಚ್ಚಿಸಿದರು, ಘೋಷಣೆ ಕೂಗಿದರು, ಊರಿನಲ್ಲಿ ಬಿಗುವಿನ ವಾತಾವರಣ ಎಂದಿತ್ತು. ಮನವಿಯಲ್ಲಿ ಏನಿತ್ತು, ಅಷ್ಟು ಜನ ಯಾರಿಗೋಸ್ಕರ ನಡೆದರು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಇದು ನಿಮ್ಮ ಅಂಗಡಿ ಅಲ್ಲೇನು?" ದೊಡ್ಡಪ್ಪ ನೊರೆಯ ಒಳಗಿಂದಲೇ ಕೇಳಿದರು.

"ಅಂಗಡಿ ನಂದು. ಕೈ ನಂದು. ಕೀಲಿ ನಂದು. ಉಳದದ್ದ ಪೇಪರಿನವ್ರದು."

ಅವತ್ತು ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ಚಾಚಾನೂ ನಕ್ಕರು. ತನ್ನ ಅಂಗಡಿಯನ್ನು ತಾನೇ ಬಲವಂತ ಮಾಡಿ ಮುಚ್ಚಿಸಿದ ಮನುಷ್ಯ ಎಂದು ಬೆಂಚಿನವರು ಚಾಚಾನ ಕಾಲೆಳೆದರು. ಒಬ್ಬ ಹೇಳಿದ, ಈ ಪೇಪರಿಗೇ ಕತ್ತಿ ಒರಸ್ರಿ ಚಾಚಾ. "ಬ್ಯಾಡೋ," ಅಂದರು ಚಾಚಾ, "ಸಾಬೂನ ಹೊಲಸ ಆಕ್ಕೈತಿ."

ಆ ನಗು ಎಷ್ಟು ಹೊತ್ತು ಉಳಿಯಿತು... ಮಧ್ಯಾಹ್ನದವರೆಗೂ ಇರಲಿಲ್ಲವೇನೋ. ಮೂಡಲಗಿಯಿಂದ ಅಪ್ಪನ ಫೋನ್ ಬಂತು. "ಅಲ್ಲೆ ಗಲಾಟಿ ಆಗೇತಂತಲ್ಲ. ಹೊರಗ ಅಡ್ಡಾಡಬ್ಯಾಡ." ಏನೂ ಆಗಿಲ್ಲ, ನಾನು ಅಲ್ಲೇ ಇದ್ದೆ ಅಂದೆ. "ನೀ ಸಣ್ಣಾಂವ, ನಿನಗ ತಿಳಿಯಂಗಿಲ್ಲ. ಪೇಪರಿನ್ಯಾಗ ಬಂದೈತಿ," ಅಂದರು ಅಪ್ಪ. ಮೇಲವಂಕಿಯಿಂದ ಬೀಜ ಒಯ್ಯಲು ಬಂದವರು ಚೀಲ ಗಾಡಿಗೆ ಹೇರುತ್ತಲೇ ಆಚೆ ಬದಿ ನೋಡಿ ದನಿ ತಗ್ಗಿಸಿ ಕೇಳುತ್ತಿದ್ದರು, ಆ ಮನುಷ್ಯ ಅವರೇನಾ ಎಂದು. ಯಾರೋ ಅಪರಿಚಿತ ಚಾಚಾನ ಅಂಗಡಿಗೆ ಬಂದು, ಇದ್ದಷ್ಟು ಮೀಸೆಯನ್ನೇ ತಿದ್ದಿಸಿಕೊಳ್ಳುತ್ತ, ಮೆರವಣಿಗೆಗೆ ಯಾರ್ಯಾರು ಬಂದಿದ್ದರು, ಮಂಗಳವಾರವೇ ಯಾಕೆ ಎಂದು ವಿಚಾರಿಸಿ ಹೋದ. ಪೊಲೀಸಿನವನೆಂದು ಬೆಂಚಿನವರು ಅಂದರು. ಇರಬಹುದು. ಆ ದಿನಗಳಲ್ಲಿ ಹೊಸ ಮುಖ ಯಾವುದೇ ಬಂದರೂ ಪೊಲೀಸಿನದೇ ಅನ್ನಿಸುತ್ತಿತ್ತು.

ನಾನು ಲೈಬ್ರರಿಗೆ ಹೋಗಿ ಉಳಿದ ಪೇಪರುಗಳನ್ನು ತೆಗೆದು ನೋಡಿದೆ. ಹೀಗೆ ಒಂದರ ಪಕ್ಕ ಒಂದು ಇಟ್ಟು ನೋಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ, ಸಿಟ್ಟು ಕಲಿಸಿತು. ಒಂದರಲ್ಲಿ ಸುದ್ದಿಯೇ ಇಲ್ಲ. ಇನ್ನೊಂದರಲ್ಲಿ ಮನವಿ ಕೊಟ್ಟರು ಎಂದು ಎರಡು ಸಾಲು. ಕೊಲ್ಹಾಪುರದಿಂದ ಬರುವ ಮರಾಠಿ ಪೇಪರಿನಲ್ಲಿ ಶಾಂತವಾಗಿ ನಡೆಯಿತು ಎಂದಿತ್ತು, ಆದರೆ ನಡೆದದ್ದು ಸಂಕೇಶ್ವರದಲ್ಲಿ ಎಂದು ಬರೆದಿದ್ದರು. ಇರುವುದು ಒಂದೇ ರಸ್ತೆ, ಒಂದೇ ಬೆಳಿಗ್ಗೆ. ಓಡಿ ಬಂದು ದೊಡ್ಡಪ್ಪನಿಗೆ ಹೇಳಿದೆ.

ದೊಡ್ಡಪ್ಪ ತಕ್ಕಡಿ ಒರೆಸಿದರು. ಆಮೇಲೆ, "ಆ ತುದೀಗೆ ಏನರೆ ಆಗಿತ್ತೇನೋ," ಅಂದರು.

"ನಮ್ಮ ಅಂಗಡಿ ತೆರದಿತ್ತಲ್ಲ ದೊಡ್ಡಪ್ಪ. ನೀವ ನೀರ ಕೊಟ್ಟೀರಿ."

"ನಮ್ಮದು ತೆರದಿತ್ತೋ. ನಾ ನೋಡಿದ್ದು ಇಷ್ಟ. ಪೇಪರಿನವ್ರಿಗಿ ಒಳಗಿನ ಸುದ್ದಿ ಇರ್ತೈತಿ. ಸುಮ್ಮಸುಮ್ಮನ ಬರಿತಾರೇನು?"

ನನಗೆ ಅವತ್ತು ನಿಜಕ್ಕೂ ಹೆದರಿಕೆಯಾಯಿತು. ತನ್ನ ಕೈಯಿಂದ ತಂಬಿಗೆ ಕೊಟ್ಟ ಮನುಷ್ಯ ತನ್ನ ಕಣ್ಣನ್ನೇ ನಂಬುತ್ತಿಲ್ಲ. ಆದರೂ ದೊಡ್ಡಪ್ಪ ದಾಡಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಮೊದಲೆಲ್ಲ ಹೋಗಿ ಕುಳಿತ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದರು, ಈಗ ಕನ್ನಡಿಯಲ್ಲಿ ಚಾಚಾನ ಕೈಯನ್ನೇ ನೋಡುತ್ತಿದ್ದರು. ಚಾಚಾ ಅದನ್ನು ಗಮನಿಸಿದ್ದರೋ ಇಲ್ಲವೋ...

ಆ ವರದಿಗಾರನೂ ಚಾಚಾನ ಗಿರಾಕಿಯೇ. ಮೂರ್ನಾಲ್ಕು ದಿನ ತಲೆ ತಪ್ಪಿಸಿಕೊಂಡವನು ಒಂದು ಬೆಳಿಗ್ಗೆ ಬಂದು ಕುಳಿತ. ನಾನು ಬೆಂಚಿನ ಮೇಲಿದ್ದೆ, ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಚಾಚಾ ಒಂದು ಮಾತಾಡದೆ ನೊರೆ ಹಚ್ಚಿ, ಒಂದು ಗಲ್ಲ ಮುಗಿಸಿ, ಕತ್ತಿಯನ್ನು ಕುತ್ತಿಗೆಗೆ ತಂದ ಮೇಲೆ ಬಾಯಿ ತೆರೆದರು.

"ಸರ್, ನೀವ ಬರದದ್ದ ಏನ್ರಿ?"

"ದಾಡಿ ಮುಗಸ್ರಿ ಚಾಚಾ, ಆಮ್ಯಾಲೆ ಹೇಳ್ತೇನಿ."

"ಅಲುಗ್ಯಾಡಬ್ಯಾಡ್ರಿ, ಗಂಟಲ ಮ್ಯಾಲ ಐತಿ. ಹಂಗ ಹೇಳ್ರಿ."

"ಶಾಂತ ರೀತಿಲೆ ನಡದು ಮನವಿ ಕೊಟ್ರು ಅಂತನ ಬರದೇನಿ. ಫೋಟೋ ತೊಳಿಸಿ, ಲಕೋಟಿಗಿ ಹಾಕಿ, ಸಂಜೀ ಬಸ್ಸಿಗಿ ಕೊಟ್ಟೇನಿ. ಅಲ್ಲೆ ಪೇಪರ್ ಆಫೀಸಿನ್ಯಾಗ ಕುಂತಾವ್ರು ಏನ ಮಾಡ್ಯಾರ ನನಗೇನ ಗೊತ್ತು?"

"ಅಲ್ಲೆ ಕುಂತಾವ್ರ ತಲ್ಯಾಗ ಕೂದ್ಲ ಇಲ್ಲೇನ್ರಿ? ಮಂಗಳಾರ ಕಟಿಂಗ್ ಅಂಗಡಿ ರಜಾ ಅಂತ ಒಬ್ಬಂವಗೂ ತಿಳೀಲಿಲ್ಲ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕೆವು. ವರದಿಗಾರನಿಗೂ ನಗು ಬಂತು, ಆದರೆ ನಗುವಂತಿರಲಿಲ್ಲ, ಕುತ್ತಿಗೆ ಬಿಗಿಹಿಡಿದು ಕುಳಿತ. ದಾಡಿ ಮುಗಿದ ಮೇಲೆ ಮುಖ ಒರೆಸಿಕೊಳ್ಳುತ್ತ, ಸರಿಪಡಿಸಿ ಹಾಕಿಸುತ್ತೇನೆ ಎಂದು ಮಾತು ಕೊಟ್ಟ. ಅಂಗಡಿ ತೆರೆದಿರುವ ಒಂದು ಫೋಟೋ ಬೇಕು ಎಂದು ಕ್ಯಾಮೆರಾ ತರಲು ಹೋದ. ಅವನು ಮರಳಿ ಬರುವಷ್ಟರಲ್ಲಿ ಚಾಚಾ ಅಂಗಿ ಬದಲಿಸಿ, ಮೀಸೆಗೆ ಎಣ್ಣೆ ಹಚ್ಚಿ, ಕತ್ತರಿ ಹಿಡಿದು ಕುರ್ಚಿಯ ಪಕ್ಕ ನಿಂತಿದ್ದರು. ಕನ್ನಡಿ ಒರೆಸಲು ನನಗೇ ಹೇಳಿದರು.

ಸಂಜೆಯ ಹೊತ್ತಿಗೆ ಊರಲ್ಲಿ ಇನ್ನೊಂದು ಸುದ್ದಿ. ಚಾಚಾ ವರದಿಗಾರನ ಕುತ್ತಿಗೆಗೆ ಕತ್ತಿ ಹಿಡಿದು ಕೇಳಿದನಂತೆ.

ಹೇಗೆ ಇಲ್ಲ ಅನ್ನುವುದು? ಹಿಡಿದಿದ್ದರು. ಕೇಳಿದ್ದರು. ಒಂದು ಶಬ್ದವೂ ಸುಳ್ಳಲ್ಲ. ಕೀಲಿಗೆ ಕೈ ಹಾಕಿದ್ದೂ ಸುಳ್ಳಾಗಿರಲಿಲ್ಲವಲ್ಲ. ಆ ಸುದ್ದಿಯನ್ನು ಯಾರು ಹೊರಗೆ ಒಯ್ದರು ಎಂದು ಬೆಂಚಿನ ಮೇಲಿದ್ದ ಒಬ್ಬೊಬ್ಬರ ಮುಖವನ್ನೂ ನಾನು ನೆನಪಿಸಿಕೊಂಡೆ. ಎಲ್ಲರೂ ನಕ್ಕವರೇ. ನಕ್ಕವರಲ್ಲೇ ಒಬ್ಬರು. ವರದಿಗಾರನೇ ಹೇಳಿದನೇ? ಅವನು ಅವತ್ತು ಖುಷಿಯಿಂದಲೇ ಹೋಗಿದ್ದ. ಇವತ್ತಿಗೂ ಗೊತ್ತಾಗಿಲ್ಲ.

ಆ ಮಾತು ಬಂದ ಮರುದಿನ ಟವೆಲ್ ಜಾಡಿಸಿದ ಸದ್ದು ಬಂತು. ದೊಡ್ಡಪ್ಪ ಚಪ್ಪಲಿ ಮೆಟ್ಟಲಿಲ್ಲ. ಮನೆಯಲ್ಲೇ ದಾಡಿ ಮಾಡಿಕೊಂಡು ಬಂದಿದ್ದರು. ಜೀವಮಾನದಲ್ಲಿ ತಾವೇ ಕತ್ತಿ ಹಿಡಿದವರಲ್ಲ, ಗದ್ದ, ಗಲ್ಲ ಎಲ್ಲ ಕಡೆ ಕೊಯ್ದುಕೊಂಡು, ರಕ್ತ ನಿಲ್ಲಲೆಂದು ಪೇಪರಿನ ಚೂರು ಅಂಟಿಸಿಕೊಂಡಿದ್ದರು. ಮುಖದ ತುಂಬ ಅಚ್ಚಿನ ಅಕ್ಷರ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ರಸ್ತೆಯ ಆಚೆಯಿಂದ ಚಾಚಾ ನೋಡಿದರು. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದರು. ದೊಡ್ಡಪ್ಪನಂಥ ಹಳೇ ಗಿರಾಕಿಯೇ ಕುತ್ತಿಗೆ ಕೊಡಲು ಹಿಂಜರಿದರೆ ಉಳಿದವರ ಮಾತೇನು? ಬೆಂಚು ಖಾಲಿಯಾಗುತ್ತ ಬಂತು. ಕೂದಲು ಕತ್ತರಿಸಿಕೊಳ್ಳುವವರು ಬರುತ್ತಿದ್ದರು. ದಾಡಿಗೆ ಬರುವವರು ಮಾತ್ರ ಇಲ್ಲ. ಕತ್ತರಿ ಆದೀತು, ಕತ್ತಿ ಬೇಡ.

ಸರಿಪಡಿಸಿದ ಸುದ್ದಿ ಬರುತ್ತದೆ, ಆಮೇಲೆ ಎಲ್ಲ ನೆಟ್ಟಗಾಗುತ್ತದೆ ಎಂದು ಚಾಚಾ ಕಾದರು. ಬಂತು. ನಾನೇ ಬಸ್ ಸ್ಟ್ಯಾಂಡಿನಿಂದ ಪೇಪರ್ ತಂದು ಕೊಟ್ಟೆ. ಚಾಚಾ ಕತ್ತರಿ ಹಿಡಿದು ನಗುತ್ತ ನಿಂತ ಫೋಟೋ, ಹಿಂದೆ ನಾನು ಒರೆಸಿದ ಕನ್ನಡಿ. ತಲೆಬರಹ, ಗೋಕಾಕ ಸಹಜ ಸ್ಥಿತಿಯತ್ತ. ಕೆಳಗೆ, ಮುಚ್ಚಿದ್ದ ಅಂಗಡಿಗಳು ಮತ್ತೆ ತೆರೆದಿದ್ದು ಜನರು ನಿಟ್ಟುಸಿರು ಬಿಟ್ಟಿದ್ದಾರೆ.

ಮಂಗಳವಾರದ ಹೆಸರು ಎಲ್ಲೂ ಇರಲಿಲ್ಲ.

ಅಂಗಡಿಯಲ್ಲಿ ನಾವಿಬ್ಬರೇ. ಚಾಚಾ ಪೇಪರ್ ಮಡಚಿಟ್ಟು ಕನ್ನಡಿಯ ಮೂಲೆಗೆ ಅಂಟಿಸಿದ್ದ ಆ ಕುರ್ಚಿಯ ಚಿತ್ರದ ಹತ್ತಿರ ಹೋದರು. ಮೂಗು ತಾಗುವಷ್ಟು ಹತ್ತಿರ.

"ತಮ್ಮಾ," ಅಂದರು, "ಈ ಫೋಟೋ ತಗದಾಂವ ಯಾವ ಚೀಲದ ಮ್ಯಾಲ ನಿಂತಿದ್ದನೋ?"

ಆ ಕುರ್ಚಿ ನೋಡಿಯೇ ಅವರು ರಟ್ಟು ಎತ್ತಿದ್ದು. ಈಗ ಅದರ ಮೇಲೂ ಅವರಿಗೆ ಸಂಶಯ. ಗಿರಾಕಿ ಹೋದದ್ದಕ್ಕಿಂತ ಇದು ದೊಡ್ಡ ನಷ್ಟ ಅಂತ ನನಗೆ ಈಗ ಅನ್ನಿಸುತ್ತದೆ, ಆಗ ಗೊತ್ತಾಗಲಿಲ್ಲ. ಅವರು ಚಿತ್ರವನ್ನು ಕಿತ್ತುಹಾಕಲಿಲ್ಲ. ಆದರೆ ಅದರ ಬಗ್ಗೆ ಅವರು ಯಾರಿಗಾದರೂ ಹೇಳಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಸಾಲಿನ ಅಂಗಡಿಗಳೆಲ್ಲ ಮುಚ್ಚಿದ್ದವು, ನಡುವೆ ಚಾಚಾನ ಶಟರ್ ಮಾತ್ರ ಪೂರ್ತಿ ಮೇಲೇರಿತ್ತು. ಒಳಗೆ ಗಿರಾಕಿಯ ಕುರ್ಚಿಯಲ್ಲಿ ಅವರೇ ಕುಳಿತಿದ್ದರು, ರಸ್ತೆಗೆ ಮುಖ ಮಾಡಿ. ತುದಿಯ ಅಂಗಡಿಯವರು ಆ ಸಾಲಿನ ಸಂಘದ ಹಿರಿಯರು, ಸಿಟ್ಟು ಮಾಡಿಕೊಂಡು ಬಂದರು.

"ರಜಾ ದಿನ ತೆರದ ಕುಂತೀರಲ್ಲ, ಸಂಘದ ನಿಯಮ ಏನಾತು?"

"ಶಟರ್ ತೆರದೇನಿ. ಕತ್ರಿ ತೆರದಿಲ್ಲ."

"ಮತ್ತ ಯಾಕ ಕುಂತೀರಿ?"

"ನೋಡಾವ್ರು ನೋಡ್ಲಿ ಅಂತ."

ಆಮೇಲೆ ಪ್ರತಿ ಮಂಗಳವಾರವೂ ಹೀಗೇ. ಮಳೆ ಇರಲಿ, ಜ್ವರ ಇರಲಿ, ಶಟರ್ ಎತ್ತಿ ಕುಳಿತುಬಿಡುತ್ತಿದ್ದರು. ವಾರದಲ್ಲಿ ಇದ್ದ ಒಂದು ರಜೆಯೂ ಹೋಯಿತು. ತಮ್ಮ ಶಟರ್ ಮುಚ್ಚಿದ್ದನ್ನು ಹಗಲು ಹೊತ್ತಿನಲ್ಲಿ ಇನ್ನು ಯಾವ ಕ್ಯಾಮೆರಾಕ್ಕೂ ಸಿಗಗೊಡಬಾರದು ಎಂಬ ಹಟ. ಹುಚ್ಚು ಅಂದರು ಕೆಲವರು. ಸಂಶಯ ಪಡುವವರಿಗೆ ಅದೂ ಸಂಶಯವೇ ಆಯಿತು, ರಜೆಯ ದಿನ ತೆರೆದು ಯಾರಿಗೆ ಕಾಯುತ್ತಾನೆ ಎಂದು.

ದೊಡ್ಡಪ್ಪ ಗಲ್ಲೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಮುಖದ ಮೇಲಿನ ಪೇಪರಿನ ಚೂರುಗಳು ದಿನದಿನಕ್ಕೆ ಜಾಗ ಬದಲಿಸುತ್ತಿದ್ದವು. ಕೊನೆಗೆ ಒಂದು ಮಂಗಳವಾರ, ಎಲ್ಲರ ಕಣ್ಣೆದುರಿಗೇ, ಚಪ್ಪಲಿ ಮೆಟ್ಟಿ ರಸ್ತೆ ದಾಟಿದರು. ಅವತ್ತು ಆ ರಸ್ತೆ ನನಗೆ ಬಹಳ ಅಗಲ ಕಂಡಿತು. ನಾನು ಗಲ್ಲೆ ಬಿಟ್ಟು ಮೆಟ್ಟಿಲಿಗೆ ಬಂದು ನಿಂತೆ. ದೊಡ್ಡಪ್ಪ ಅಂಗಡಿ ಹೊಕ್ಕರು. ಚಾಚಾ ಕುರ್ಚಿಯಿಂದ ಎದ್ದರು. ದೊಡ್ಡಪ್ಪ ಕುಳಿತು, ತಲೆಯನ್ನು ಒರಗಿಗೆ ಕೊಟ್ಟು, ಕುತ್ತಿಗೆ ಎತ್ತಿ ಕಣ್ಣು ಮುಚ್ಚಿದರು. ಬಾಯಲ್ಲಿ ಕ್ಷಮೆ ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅವರಿಗೆ ಬರುತ್ತಿದ್ದದ್ದು ಅಷ್ಟೇ.

ಚಾಚಾ ಹಿಂದೆ ನಿಂತು ಆ ಕುತ್ತಿಗೆಯನ್ನು ನೋಡಿದರು. ಟವೆಲ್ ತೆಗೆದುಕೊಂಡದ್ದೂ ನನಗೆ ಕಂಡಿತು. ಆಮೇಲೆ ಅದನ್ನು ಮತ್ತೆ ಗೂಟಕ್ಕೆ ಹಾಕಿದರು.

"ಇವತ್ತ ಮಂಗಳಾರ ಐತ್ರಿ ಸಾವಕಾರ್ರ. ನಾಳಿಗಿ ಬರ್ರಿ."

ಅವರು ಬೇರೆ ಏನು ಹೇಳಲು ಸಾಧ್ಯವಿತ್ತು? ಊರಿಗೆಲ್ಲ ಅವರು ಹೇಳುತ್ತ ಬಂದದ್ದು ಒಂದೇ ಮಾತು, ಮಂಗಳವಾರ ನಮಗೆ ರಜೆ. ಅವತ್ತು ಒಂದು ದಾಡಿ ಮಾಡಿಬಿಟ್ಟಿದ್ದರೆ, ನೋಡಿದ್ರಾ, ರಜೆಯೆಂಬುದೇ ಸುಳ್ಳು ಅನ್ನುವವರು ತುದಿಗಾಲಲ್ಲಿ ನಿಂತಿದ್ದರು. ನನಗೆ ಹೀಗೆ ಅರ್ಥವಾಯಿತು. ಚಾಚಾ ಇದನ್ನು ನನಗೆ ಹೇಳಲಿಲ್ಲ. ಒಂದು ವೇಳೆ ಮನಸ್ಸಿಗಾದ ಗಾಯವೇ ಹಾಗೆ ಮಾತಾಡಿತೋ...

ದೊಡ್ಡಪ್ಪ ಎದ್ದು ಬಂದರು, ಮುಖ ಕೆಂಪಾಗಿತ್ತು. ಮನೆಯಲ್ಲಿ ದೊಡ್ಡಮ್ಮನ ಮುಂದೆ, "ಮಂದಿ ಮುಂದ ಎಬ್ಬಿಸಿ ಕಳಿಸಿದ," ಅಂದರು. ನಾನು ನನ್ನ ವಿವರಣೆ ಕೊಡಲು ಹೋದೆ. "ನಿನಗ ಹೇಳ್ಯಾನೇನು?" ಅಂದರು. ಇಲ್ಲ ಅಂದೆ. "ಮತ್ತ ಸುಮ್ಮನ ಕುಂಡ್ರು."

ಮರುದಿನ ಬುಧವಾರ. ಟವೆಲ್ ಜಾಡಿಸಿದ ಸದ್ದು ಬಂತು, ಪಟ್, ಪಟ್. ಎಷ್ಟೋ ದಿನದ ಮೇಲೆ. ದೊಡ್ಡಪ್ಪ ಬೀಜದ ಚೀಲದ ಬಾಯಿ ಬಿಚ್ಚುತ್ತಿದ್ದರು. ಕೈ ನಿಂತಿತು, ತಲೆ ಏಳಲಿಲ್ಲ. ಚಾಚಾ ಇನ್ನೊಮ್ಮೆ ಜಾಡಿಸಿದರು. ದೊಡ್ಡಪ್ಪ ಎದ್ದು ಗೋದಾಮಿನ ಒಳಗೆ ಹೋದರು. ಆಚೆ ಬಾಗಿಲಲ್ಲಿ ಚಾಚಾ ಟವೆಲ್ಲನ್ನು ನಿಧಾನವಾಗಿ ಮಡಚುತ್ತ ನಿಂತಿದ್ದನ್ನು ನಾನು ನೋಡಿದೆ. ಅದೇ ಕೊನೆ, ಆಮೇಲೆ ಆ ಸದ್ದು ಕೇಳಲಿಲ್ಲ.

ಆ ವರ್ಷ ಮುಗಿಯುವ ಮೊದಲು ಅವರು ಅಂಗಡಿ ಬಿಟ್ಟು ಸಂಕೇಶ್ವರಕ್ಕೆ ಹೋದರು, ಮಗಳ ಮನೆಗೆ. ಅಳಿಯನಿಗೆ ಹೆದ್ದಾರಿಯ ಬದಿಗೆ ಅಂಗಡಿಯಿತ್ತಂತೆ. ಕುರ್ಚಿಯನ್ನು ಟೆಂಪೋಕ್ಕೆ ಹೇರುವಾಗ ನಾನು ಕಾಲೇಜಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಶಟರ್ ಇಳಿದಿತ್ತು. ಮಂಗಳವಾರ ಬಿಟ್ಟು ಬೇರೆ ದಿನ ಅದು ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಫೋಟೋ ಯಾರೂ ತೆಗೆಯಲಿಲ್ಲ.

ಚಾಚಾ ತೀರಿಕೊಂಡ ಸುದ್ದಿಯನ್ನು ಹೋದ ವರ್ಷ ತುದಿಯ ಅಂಗಡಿಯವರು ತಂದರು. ನಾನು ಆಗ ಗೋಕಾಕದಲ್ಲೇ ಇದ್ದೆ. ದೊಡ್ಡಪ್ಪನಿಗೆ ಈಗ ಕಣ್ಣು ಮಂಜು, ಕೈ ನಡುಕ, ದಾಡಿ ಬಿಟ್ಟಿದ್ದಾರೆ. ಸುದ್ದಿ ಕೇಳಿ ಆ ಬಿಳಿ ದಾಡಿಯ ಮೇಲೆ ಕೈ ಆಡಿಸುತ್ತ ಕುಳಿತರು. ಎದುರಿನ ಆ ಅಂಗಡಿಯಲ್ಲಿ ಈಗ ಮೊಬೈಲಿಗೆ ಕರೆನ್ಸಿ ಹಾಕುತ್ತಾರೆ, ಹಾಡು ಹಚ್ಚಿರುತ್ತಾರೆ. ಅದರ ಗದ್ದಲದಲ್ಲಿ ದೊಡ್ಡಪ್ಪ ಹೇಳಿದ್ದು ನನಗೆ ಅರ್ಧವೇ ಕೇಳಿಸಿತು, ಮತ್ತೆ ಕೇಳಿದೆ.

"ಅವತ್ತ ಟವೆಲ್ ಜಾಡಿಸಿದ್ದು ನನಗ ಕೇಳ್ಸಿತ್ತೋ," ಅಂದರು. "ಎರಡೂ ಸಲ."

ಹುಕ್ಕೇರಿಯಲ್ಲಿ ದಾಡಿ ಮುಗಿಯಿತು. ಹೆಗಲ ಮೇಲಿನ ಪೇಪರಿನ ಚೌಕವನ್ನು ಅಂಗಡಿಯವನು ಬಿಸಾಡುವ ಮೊದಲು ಕೈಗೆ ತೆಗೆದುಕೊಂಡೆ. ಯಾವುದೋ ದೊಡ್ಡ ಊರಿನ ಮೆರವಣಿಗೆ, ಕೈಯಲ್ಲಿ ಫಲಕಗಳು. ಫಲಕದ ಅಕ್ಷರ ಇರಬೇಕಾದಲ್ಲಿ ಚಿತ್ರ ಮುಗಿದಿತ್ತು. ಹಿಂದೆ ಮುಚ್ಚಿದ ಅಂಗಡಿಗಳ ಸಾಲು. ಮೂಲೆಯಲ್ಲಿ ಒಬ್ಬ ಮುದುಕ ಶಟರಿನ ಕಡೆಗೆ ತಿರುಗಿದ್ದ. ಅವನ ಕೈ ಎಲ್ಲಿತ್ತೋ, ನೊರೆಯಲ್ಲಿ ಕಾಣಲಿಲ್ಲ.

"ಇದು ಯಾವ ವಾರದ ಪೇಪರ್ ರಿ?" ಎಂದು ಕೇಳಿದೆ.

"ರದ್ದಿ ಪೇಪರ್ ರೀ ಸರ್, ವಾರ ಯಾರ ನೋಡ್ಯಾರ?" ಅಂದ. ನನ್ನ ಕೈಯಿಂದ ತೆಗೆದುಕೊಂಡು, ಉಂಡೆ ಮಾಡಿ ಡಬ್ಬಿಗೆ ಒಗೆದ.

ಬಸ್ ಬಂದಿತ್ತು. ನಾನು ರಸ್ತೆ ದಾಟುತ್ತಿದ್ದೆ. ಬೆನ್ನ ಹಿಂದೆ ಟವೆಲ್ ಜಾಡಿಸಿದ ಸದ್ದು. ಗಕ್ಕನೆ ನಿಂತು ತಿರುಗಿದೆ. ಅಂಗಡಿಯವನು ಕೂದಲು ಉದುರಿಸುತ್ತಿದ್ದ, ಅಷ್ಟೇ.